ಮುಕ್ಕಾಲು ಇಂಚಿನ ಬಿಳಿ ಎಲ್ಬೋ

ಮಾರ್ಚ್ ೪, ಮಂಗಳವಾರ

ಹುಮನಾಬಾದಿನಲ್ಲಿ ಇವರಿಗೆ ವ್ಯಾಯಾಮ ಮಾಡಿಸುವ ಡಾಕ್ಟರು ಒಂದು ನೋಟ್‌ಬುಕ್ ಇಡಲು ಹೇಳಿದ್ದಾರೆ. ಬಲಗೈ ಬೆರಳು ಎಷ್ಟು ಸಲ ಮಡಚಿದರು, ಎಷ್ಟು ಹೆಜ್ಜೆ ನಡೆದರು, ಮಾತೇನಾದರೂ ಬಂತೇ ಎಂದು ಬರೆದು ಪ್ರತಿ ಶನಿವಾರ ತೋರಿಸಬೇಕು. ಅದನ್ನು ಹಿಂದಿನ ಪುಟಗಳಿಂದ ಬರೆಯುತ್ತೇನೆ. ಮುಂದಿನ ಪುಟಗಳು ನನ್ನವು. ಯಾರಿಗೂ ಹೇಳಲಾಗದ್ದನ್ನು ಎಲ್ಲಿಯಾದರೂ ಇಡಬೇಕಲ್ಲ.

ಇವತ್ತು ಹನ್ನೊಂದು ಹೆಜ್ಜೆ. ಬೆರಳು ಅಲುಗಲಿಲ್ಲ. ಏನು ಕೇಳಿದರೂ "ಆಂ, ಆಂ" ಅಷ್ಟೇ.

ಇವರಿಗೆ ಲಕ್ವಾ ಹೊಡೆದು ನಲವತ್ತು ದಿನವಾಯಿತು. ಅಲ್ಲಿಂದ ಮುಚ್ಚಿದ್ದ ಅಂಗಡಿಯನ್ನು ಇವತ್ತು ನಾನು ತೆಗೆದೆ. ಇವರ ಅಣ್ಣ, ಭಾವ ಮಹಾರುದ್ರಪ್ಪನವರಿಗೆ ಇದು ಸೇರಲಿಲ್ಲ. "ಪೈಪಿನ ಅಂಗಡಿ ಅಂದ್ರ ಬಳಿ ಕುಂಕುಮದ ಅಂಗಡಿ ಅಲ್ಲ ರೂಪಾಲಿ. ನನ್ನ ಕೈಗೆ ಕೀಲಿ ಕೊಡು, ನಾ ನಡಸ್ತೀನಿ. ನೀ ವೀರಭದ್ರನ್ನ ನೋಡ್ಕೋ" ಎಂದರು. ಮನೆ ಇರುವುದು ಅಂಗಡಿಯ ಹಿಂದೆಯೇ. ನಡುವೆ ಒಂದು ಪರದೆ. ಇವರನ್ನೂ ನೋಡಿಕೊಳ್ಳಬಹುದು, ಗಿರಾಕಿಯನ್ನೂ ನೋಡಬಹುದು ಎಂದುಕೊಂಡೆ.

ಮೊದಲು ಬಂದವನು ಯೂನಿಯನ್ ಕೇಳಿದ. ನಾನು ಕಪ್ಲರ್ ಕೊಟ್ಟೆ. "ಇದನ್ನ ಅಂಟಿಸಿದ್ರ ಮುಗೀತು ಬಾಯಾರ, ಮತ್ತ ಬಿಚ್ಚಾಕ ಬರೂದಿಲ್ಲ. ನನಗ ಬಿಚ್ಚೂದು ಬೇಕು" ಎಂದು ಅವನೇ ಒಳಗೆ ಬಂದು ಡಬ್ಬಿಯಿಂದ ಆರಿಸಿಕೊಂಡು ಹೋದ. ಹದಿನಾರು ವರ್ಷ ಈ ಅಂಗಡಿಯ ಹಿಂದೆ ರೊಟ್ಟಿ ಬಡಿದಿದ್ದೇನೆ. ಇವರ ಅಂಗಡಿಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ.

ಮಾರ್ಚ್ ೧೧, ಮಂಗಳವಾರ

ಇಪ್ಪತ್ತು ಹೆಜ್ಜೆ.

ಪ್ಲಂಬರ್ ಧರ್ಮೇಂದ್ರ ಇವರ ಹಳೆಯ ಸ್ನೇಹಿತರು. ಇವತ್ತು ಒಂದು ತಾಸು ಕೂತು ಪಾಠ ಹೇಳಿದರು. ನೀರು ತಿರುಗಬೇಕಾದರೆ ಎಲ್ಬೋ. ಕವಲೊಡೆಯಬೇಕಾದರೆ ಟೀ. ದೊಡ್ಡದರಿಂದ ಸಣ್ಣದಕ್ಕೆ ಇಳಿಯಬೇಕಾದರೆ ರೆಡ್ಯೂಸರ್. ಪ್ಲಾಸ್ಟಿಕ್ ಪೈಪು ನಲ್ಲಿಗೋ ಟಾಕಿಗೋ ಸೇರುವ ಕಡೆ ತಿರುಪಿನದು ಬೇಕು. ಅದರಲ್ಲಿ ತಿರುಪು ಹೊರಗಿನದೋ ಒಳಗಿನದೋ ಎಂದು ನೋಡಿ ಕೊಡಬೇಕು.

"ಹೆದರಬ್ಯಾಡ್ರಿ ವೈನಿ. ಪೈಪಿನ ತುಕಡಿ ತರ್ರಿ ಅನ್ರಿ, ಕೂಡಿಸಿ ನೋಡ್ರಿ. ಕೂತ್ರ ಸರಿ" ಎಂದರು.

ಎಲ್ಲ ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಿದೆ. ಇವರು ಮಂಚದ ಮೇಲಿಂದ ನೋಡುತ್ತಿದ್ದರು. ಅರ್ಥವಾಗುತ್ತದೋ ಇಲ್ಲವೋ. ನಾನು ಪರದೆ ಎಳೆದೆ, ಬಿಸಿಲು ಬೀಳುತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ಇವತ್ತು ಮರ್ಯಾದೆ ಹೋಯಿತು. ಹುಡಗಿ ಗ್ರಾಮದಿಂದ ಬಂದಿದ್ದ ಒಬ್ಬರಿಗೆ ಬಿಳಿ ಪೈಪಿನ ಜೊತೆ ಕೆನೆ ಬಣ್ಣದ ಎಲ್ಬೋ ಕೊಟ್ಟಿದ್ದೆ. ಎರಡರ ಮೇಲೂ ಮುಕ್ಕಾಲು ಇಂಚು ಎಂದೇ ಇತ್ತು. ಊರಿಗೆ ಹೋಗಿ ನೋಡಿದರೆ ಪೈಪು ಎಲ್ಬೋ ಒಳಗೆ ಹೋಗುವುದೇ ಇಲ್ಲ. ಮರಳಿ ಬಂದು ನಾಲ್ಕು ಜನರ ಮುಂದೆ ಕೂಗಾಡಿದರು. ಮುಕ್ಕಾಲು ಇಂಚು ಅಂದರೂ ಬಿಳಿಯದರ ದಪ್ಪ ಬೇರೆ, ಕೆನೆಯದರ ದಪ್ಪ ಬೇರೆಯಂತೆ.

ಇನ್ನು ಮೇಲೆ ಬಿಳಿಗೆ ಬಿಳಿ, ಕೆನೆಗೆ ಕೆನೆ. ಇದನ್ನು ಸಾಯುವವರೆಗೂ ಮರೆಯುವುದಿಲ್ಲ.

ಇವರು ಸಂಜೆ ಕೈ ಆಡಿಸಿ ಏನೋ ಹೇಳಲು ನೋಡಿದರು. ನನಗೆ ಪುರುಸೊತ್ತಿರಲಿಲ್ಲ.

ಏಪ್ರಿಲ್ ೨, ಬುಧವಾರ

ಯುಗಾದಿ ಕಳೆದ ಮೇಲೆ ವ್ಯಾಪಾರ ಚೆನ್ನಾಗಿದೆ. ಇವತ್ತು ಕೊಹಿನೂರ ಹಳ್ಳಿಯಿಂದ ಮಡೆಪ್ಪ ಎಂಬ ಹಿರಿಯರು ಬಂದಿದ್ದರು. ಎಮ್ಮೆ, ಕುರಿ ಇಟ್ಟುಕೊಂಡವರು. ಒಳ್ಳೆಯ ಮನುಷ್ಯ, ಅಂಗಡಿಯ ಹೊರಗೇ ಚಪ್ಪಲಿ ಬಿಟ್ಟು ಬಂದರು. ಮಾಳಿಗೆಯ ಮೇಲಿಂದ ಬಚ್ಚಲಿಗೆ ಒಂದು ಲೈನು ಇಳಿಸಬೇಕಂತೆ. ಮಗಳು ಶೀತಲ ಬಾಣಂತನಕ್ಕೆ ಬಂದಿದ್ದಾಳೆ. "ಆಕಿ ಅವ್ವ ಚಂದಮ್ಮ ದಿನಾ ಕೊಡ ಹೊತ್ತು ಹೊತ್ತು ಸಾಕಾಗ್ಯಾಳ್ರಿ ಅಕ್ಕಾರ. ಒಂದ್ ಲೈನ್ ಹಾಕಿ ಕೊಟ್ರ ಪುಣ್ಯ ಬರ್ತದ" ಎಂದು ನಕ್ಕರು. ತಾವೇ ಜೋಡಿಸುತ್ತಾರಂತೆ.

ಎರಡು ಪೈಪು, ಆರು ಎಲ್ಬೋ, ಒಂದು ಟೀ, ಎರಡು ತಿರುಪಿನವು, ಒಂದು ಡಬ್ಬಿ ಅಂಟಿಸುವ ಸೊಲ್ಯೂಷನ್. ಎಲ್ಲ ಬಿಳಿಯವೇ. ಒಂದೊಂದನ್ನೂ ಪೈಪಿಗೆ ಕೂಡಿಸಿ ನೋಡಿ ಕೊಟ್ಟೆ. ಸರಿಯಾಗಿ ಕೂತವು. ಯಾರನ್ನೂ ಕೇಳದೆ ಪೂರ್ತಿ ಒಂದು ಲೈನಿನ ಸಾಮಾನು ಕೊಟ್ಟಿದ್ದು ಇದೇ ಮೊದಲು.

ಒಳಗಿನಿಂದ ಇವರು "ಆಂ, ಆಂ" ಎಂದು ಕೂಗುತ್ತಲೇ ಇದ್ದರು. ಕಾಕಾ ಹೋದ ಮೇಲೆ ಹೋಗಿ ನೀರು ಕುಡಿಸಿದೆ. ಕುಡಿಯಲಿಲ್ಲ.

ಏಪ್ರಿಲ್ ೮, ಮಂಗಳವಾರ

ಧರ್ಮೇಂದ್ರ ಕೆನೆ ಬಣ್ಣದ ಪೈಪು ಕಟ್ಟಿಸಿಕೊಳ್ಳುತ್ತಿದ್ದರು. ಬಿಳಿಯದಕ್ಕಿಂತ ಇದು ತುಟ್ಟಿ, ಯಾಕೆ ಒಯ್ಯುತ್ತೀರಿ ಎಂದೆ. ಅವರು ನನ್ನ ಮುಖ ನೋಡಿದರು.

"ಬಿಸಿನೀರಿನ ಲೈನ್ ವೈನಿ. ಬಿಳಿದು ಬರೇ ತಣ್ಣೀರಿಗಿ. ಬಿಸಿನೀರು ಬಿಟ್ರ ಮೆತ್ತಗಾಗಿ ಜೋಡಣಿ ಬಿಚ್ಚಿ ಬರ್ತದ. ವೀರಭದ್ರ ಮದಲ ಕೇಳ್ತಿದ್ದ, ಬಿಸೀದೋ ತಣ್ಣಂದೋ ಅಂತ. ಆಮ್ಯಾಲ ಡಬ್ಬಿಗಿ ಕೈ ಹಾಕಾಂವ."

ಇದನ್ನು ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಅವರ ಮೇಲೆ ಸಿಟ್ಟು ಬಂತು.

ಕೊಹಿನೂರದ ಕಾಕಾನ ನೆನಪಾಯಿತು. ಮಾಳಿಗೆಯ ಮೇಲೆ ನೀರಿನ ಟಾಕಿಯೇ ಇರಬೇಕು. ಹಳ್ಳಿಯಲ್ಲಿ ಬಿಸಿನೀರಿನ ಲೈನು ಯಾರು ಹಾಕಿಸುತ್ತಾರೆ, ಒಲೆ ಇರುತ್ತದೆ. ಆದರೂ ಆ ಕಡೆಯವರು ಯಾರಾದರೂ ಬಂದರೆ ಹೇಳಿ ಕಳಿಸಬೇಕು.

ಏಪ್ರಿಲ್ ೧೧, ಶುಕ್ರವಾರ

ಮೂವತ್ತು ಹೆಜ್ಜೆ. ತೋರುಬೆರಳು ಸ್ವಲ್ಪ ಅಲುಗಿತು. ಕೊಹಿನೂರದವರು ಯಾರೂ ಬರಲಿಲ್ಲ.

ಏಪ್ರಿಲ್ ೧೫, ಮಂಗಳವಾರ

ಮಡೆಪ್ಪ ಕಾಕಾ ಬಂದಿದ್ದರು. ಟವೆಲಿನ ತುದಿಯಲ್ಲಿ ಕಟ್ಟಿಕೊಂಡು ಬಂದದ್ದನ್ನು ಬಿಚ್ಚಿ ಕೌಂಟರಿನ ಮೇಲಿಟ್ಟರು. ನಾನು ಕೊಟ್ಟ ಬಿಳಿ ಎಲ್ಬೋ. ಬಾಯಿ ಸೊಟ್ಟಗಾಗಿತ್ತು, ಬೆಂಕಿಯ ಹತ್ತಿರ ಇಟ್ಟ ಮೇಣದ ಹಾಗೆ.

"ಅಕ್ಕಾರ, ಇದು ಹಿಂಗ್ಯಾಕ ಆತ್ರಿ? ಜೋಡಸೂಮುಂದ ನಾ ಏನು ಗಲತಿ ಮಾಡೀನಿ, ಜರಾ ನೋಡಿ ಹೇಳ್ರಿ."

ಹುಮನಾಬಾದಿನಲ್ಲಿ ಯಾರದೋ ಮನೆ ಕೆಡವಿದಾಗ ಹಳೆಯ ಸೋಲಾರ್ ಸಿಕ್ಕಿತ್ತಂತೆ. ಬಾಣಂತಿಗೆ, ಕೂಸಿಗೆ ಬಿಸಿನೀರಾಗಲಿ ಎಂದು ತಂದು ಮಾಳಿಗೆಯ ಮೇಲೆ ಕೂರಿಸಿದ್ದರು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ ಕೂಸಿಗೆ ನೀರು ಹಾಕಲು ಚಂದಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದರು. ನಲ್ಲಿ ತಿರುಗಿಸಿದ ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಎಲ್ಬೋ ಕಿತ್ತು ಬಂತು. ಬಿಸಿಲಲ್ಲಿ ಕಾದ ನೀರು ಬಲಭುಜದಿಂದ ಬೆರಳಿನ ತನಕ.

"ಕೂಸು ಆಗಿನ್ನಾ ಶೀತಲನ ಕೈಯಾಗಿತ್ರಿ. ಇನ್ನೊಂದು ಮಿನಿಟು ಆಗಿದ್ರ ಆಕಿ ತೊಡಿ ಮ್ಯಾಲಿರ್ತಿತ್ತು" ಎಂದು ಕಾಕಾ ಕಣ್ಣು ಮುಚ್ಚಿಕೊಂಡರು. ಚಂದಮ್ಮ ಹುಮನಾಬಾದಿನ ಆಸ್ಪತ್ರೆಯಲ್ಲಿದ್ದಾರೆ. "ದುಡ್ಡು ಉಳಸಾಕ ಹೋಗಿ ಅವ್ವನ ಕೈ ಸುಟ್ಟಿ ಅಂತಾಳ್ರಿ ಮಗಳು. ನನ್ನ ಕೂಡ ಮಾತಾಡವಲ್ಲಳು. ಖರೇ ಅದ, ಪ್ಲಂಬರಗ ಕರಸಬೇಕಿತ್ತು ನಾ."

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನನ್ನ ತಪ್ಪು ಇರಬಹುದು ಎಂದು ಅವರ ತಲೆಗೇ ಬಂದಿರಲಿಲ್ಲ.

ನಾನು ಎಲ್ಬೋ ತಿರುಗಿಸಿ ತಿರುಗಿಸಿ ನೋಡಿದೆ. "ಸೊಲ್ಯೂಷನ್ ಕಮ್ಮಿ ಹಚ್ಚೀರೇನೋ ಕಾಕಾ. ಒಣಗಾಕ ಒಂದಿನ ಬಿಡಬೇಕಿತ್ತು" ಎಂದೆ.

"ಹಂಗಾದ್ರ ನಂದೇ ಗಲತಿ" ಎಂದರು.

ಆಗಲೇ ಒಳಗೆ ಸ್ಟೀಲಿನ ಚರಗಿ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅದು ಗೋಡೆಯ ಹತ್ತಿರ ಉರುಳಿತ್ತು, ಮಂಚದಿಂದ ದೂರ. ಕೈ ತಪ್ಪಿರಬೇಕು. ನೆಲ ಒರೆಸಿ ಬರುವಷ್ಟರಲ್ಲಿ ಕಾಕಾ ಹೋಗಿದ್ದರು. ಎಲ್ಬೋ ಕೌಂಟರಿನ ಮೇಲೆಯೇ ಇತ್ತು.

ಏಪ್ರಿಲ್ ೧೬, ಬುಧವಾರ

ಇವರು ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಚಮಚ ತಂದರೆ ಮುಖ ತಿರುಗಿಸುತ್ತಾರೆ. ವ್ಯಾಯಾಮವೂ ಇಲ್ಲ. ಹೆಜ್ಜೆ ಸೊನ್ನೆ. ಶನಿವಾರ ಡಾಕ್ಟರಿಗೆ ಕೇಳಬೇಕು.

ಏಪ್ರಿಲ್ ೧೭, ಗುರುವಾರ

ಭಾವನಿಗೆ ಹೇಳಿದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತಿತ್ತು. ಅವರು ಸಮಾಧಾನವಾಗಿಯೇ ಕೇಳಿದರು. "ಜೋಡಿಸಿದಾಂವ ಅವ. ಸೋಲಾರ್ ಅಂತ ಹೇಳಲಾರದಾಂವ ಅವ. ನೀ ಯಾಕ ಮೈಮ್ಯಾಲ ಹಾಕ್ಕೋತಿ? ಬಾಯಿ ಮುಚ್ಕೊಂಡಿರು, ಹದಿನೈದು ದಿನದಾಗ ಎಲ್ಲಾ ಮರೀತಾರ."

ಹೌದು, ಅವರು ಸೋಲಾರ್ ಎನ್ನಲಿಲ್ಲ. ಅಂದಿದ್ದರೆ ಕೂಡ ಆವತ್ತು ನನಗೆ ಏನು ಗೊತ್ತಿತ್ತು? ನನಗೆ ಯಾರು ಹೇಳಿಕೊಟ್ಟಿದ್ದರು? ಗಂಡ ಮಲಗಿದ್ದಾನೆ, ಅಂಗಡಿ ನಡೆಸುತ್ತಿದ್ದೇನೆ, ಒಂದು ತಪ್ಪು ಯಾರಿಗೆ ಆಗುವುದಿಲ್ಲ?

ಆದರೆ ಬಾಣಂತಿ ಎಂದಿದ್ದರು. ಬಾಣಂತಿ ಮನೆಯ ಬಚ್ಚಲಿಗೆ ತಣ್ಣೀರಿನ ಲೈನು ಯಾರು ಹಾಕುತ್ತಾರೆ? ನಾನೂ ಎರಡು ಹೆತ್ತವಳು. ಎಂಟನೇ ತಾರೀಖು ಗೊತ್ತಾಗಿತ್ತು. ಹನ್ನೆರಡಕ್ಕೆ ಆಕೆಯ ಕೈ ಸುಟ್ಟಿತು. ನಡುವೆ ಮೂರು ದಿನ ಇತ್ತು. ಕೊಹಿನೂರಕ್ಕೆ ಬಸ್ಸಿಗೇನು ಕೊರತೆ?

ಇವರು ಸಂಜೆ ಅರ್ಧ ರೊಟ್ಟಿ ತಿಂದರು, ತಮ್ಮ ಎಡಗೈಯಿಂದ. ನನ್ನ ಕೈಯಿಂದ ತಿನ್ನಲಿಲ್ಲ.

ಏಪ್ರಿಲ್ ೧೯, ಶನಿವಾರ

ಹುಮನಾಬಾದಿಗೆ ಹೋಗಿದ್ದೆವು. ಹಿಂದಿನ ಪುಟಗಳನ್ನು ನೋಡಿ ಡಾಕ್ಟರು, ಹದಿನಾರರಿಂದ ಹೆಜ್ಜೆ ಯಾಕೆ ನಿಂತಿವೆ ಎಂದು ಕೇಳಿದರು. ಹಟ ಮಾಡುತ್ತಾರೆ, ಕೂಸಿನ ಹಾಗಾಗಿದ್ದಾರೆ ಎಂದೆ.

"ಹಂಗ ಅನ್ನಬ್ಯಾಡ್ರಿ ಅವರ ಮುಂದ. ಬಾಯಿಗಿ ಮಾತು ಬರವಲ್ದು ಅಷ್ಟ. ಕೇಳಿದ್ದೆಲ್ಲಾ ಬರೋಬ್ಬರಿ ತಿಳೀತದ ಅವರಿಗಿ. ಮನ್ಯಾಗ ಏನರೆ ಆಗೇದೇನು?"

ಏನೂ ಇಲ್ಲ ಎಂದೆ. ಹಾಗೆ ಹೇಳುತ್ತಲೇ ಇವರ ಕಡೆ ನೋಡಿದೆ. ಇವರು ನನ್ನನ್ನೇ ನೋಡುತ್ತಿದ್ದರು. ನಮ್ಮ ಮನೆಗೂ ಅಂಗಡಿಗೂ ನಡುವೆ ಇರುವುದು ಒಂದು ಪರದೆ.

ಇವರು ಎಲ್ಲ ಕೇಳಿಸಿಕೊಂಡಿದ್ದರು. ಬಾಣಂತಿ, ಬಚ್ಚಲು, ಬಿಳಿ ಪೈಪು. ಎರಡನೇ ತಾರೀಖು ಕೂಗಿ ಕೂಗಿ ಹೇಳಿದ್ದರು. ನಾನು ನೀರು ಕುಡಿಸಲು ಹೋಗಿದ್ದೆ.

ಇವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಒಂದೀಟು ಹೋಗಿ ಬರ್ತೀನಿ" ಎಂದೆ. ಎಲ್ಲಿಗೆ ಎಂದು ಹೇಳಲಿಲ್ಲ. ಇವರು ತಲೆಯಾಡಿಸಿದರು.

ಆಸ್ಪತ್ರೆಯ ವರಾಂಡದಲ್ಲಿ ಮಡೆಪ್ಪ ಕಾಕಾ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ನೋಡಾಕ ಬಂದ್ರಿ? ದೊಡ್ಡ ಮನಸು ನಿಮ್ಮದು" ಎಂದರು. ಅವರ ಕಣ್ಣು ತಪ್ಪಿಸಿ ಒಳಗೆ ಹೋದೆ.

ಚಂದಮ್ಮನ ಬಲಗೈಗೆ ಭುಜದ ತನಕ ಬಟ್ಟೆ ಸುತ್ತಿದ್ದರು. ಶೀತಲ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕಾಲ ಹತ್ತಿರ ಕೂತಿದ್ದಳು. ನಾನು ನಿಂತೇ ಹೇಳಿದೆ. ನಾನು ಪೈಪಿನ ಅಂಗಡಿಯವಳು, ನಾನು ಕೊಟ್ಟದ್ದು ತಣ್ಣೀರಿನ ಸಾಮಾನು, ಏನಕ್ಕೆ ಎಂದು ನಾನು ಕೇಳಲಿಲ್ಲ. ಕೈ ಸುಡುವ ಮೂರು ದಿನ ಮೊದಲೇ ಗೊತ್ತಾದರೂ ಬಂದು ಹೇಳಲಿಲ್ಲ. ಕಾಕಾ ಎಲ್ಬೋ ಹಿಡಿದು ಬಂದಾಗ ಸುಳ್ಳು ಹೇಳಿದೆ. ಒಂದೇ ಉಸಿರಿನಲ್ಲಿ ಹೇಳಿದೆ. ನಿಲ್ಲಿಸಿದ್ದರೆ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ.

ಶೀತಲ ಎದ್ದಳು. "ಮೂರು ದಿನ ಗೊತ್ತಿತ್ತು ನಿಮಗ? ನನ್ನ ಕೂಸಿಗಿ ಅದೇ ಬಚ್ಚಲದಾಗ ದಿನಾ ಎರೀತಿದ್ವಿ!"

ಚಂದಮ್ಮ ಛಾವಣಿ ನೋಡುತ್ತ ಹೇಳಿದರು: "ಎಂಟು ದಿನ ಆತು ಆ ಮುದುಕ ಹೊರಗ ಕುಂತು. ಒಳಗ ಬಾ ಅಂತ ನಾ ಒಮ್ಮಿನೂ ಅಂದಿಲ್ಲ. ಮುಖ ತೋರಸಬ್ಯಾಡ ಅಂದೀನಿ." ಆಕೆಯ ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು. ಎಡಗೈಯಿಂದ ಒರೆಸಿಕೊಂಡು, "ಶೀತಲಾ, ನಿಮ್ಮಪ್ಪಗ ಒಳಗ ಕರಿ" ಎಂದರು. ನನಗೆ ಹೇಳಿದರು: "ನೀ ಈಗ ಹೋಗವ್ವಾ. ನಿನ್ನ ನೋಡಾಕ ಆಗವಲ್ದು ನನಗ."

ಹೊರಗೆ ಕಾಕಾ ಬಾಗಿಲ ಹತ್ತಿರವೇ ನಿಂತಿದ್ದರು. ಎಲ್ಲ ಕೇಳಿಸಿತ್ತು. ಬಯ್ಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು.

"ಹಂಗಾದ್ರ ನಾ ಬರೋಬ್ಬರಿ ಹಚ್ಚಿದ್ನೇನ್ರಿ ಅಕ್ಕಾರ?"

"ಬರೋಬ್ಬರಿ ಹಚ್ಚಿದ್ರಿ ಕಾಕಾ."

ಬಸ್ಸಿನಲ್ಲಿ ನಮ್ಮೂರು ಕಲ್ಯಾಣ ಬರುವ ತನಕ ಇವರಿಗೆ ಎಲ್ಲ ಹೇಳಿದೆ. ಎದುರಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಏಪ್ರಿಲ್ ೨೧, ಸೋಮವಾರ

ಭಾವ ಅಂಗಡಿಗೆ ಬಂದು ನಿಂತುಕೊಂಡೇ ಮಾತಾಡಿದರು. ಸುದ್ದಿ ಅವರಿಗೆ ಪೇಟೆಯಲ್ಲಿ ಸಿಕ್ಕಿತ್ತು. "ಅಪ್ಪನ ಕಾಲದ ಹೆಸರು ಮಣ್ಣು ಮಾಡಿದಿ. ನಾಳೆ ಅವರು ಪೊಲೀಸರ ಕಡೆ ಹೋದ್ರ? ಕೀಲಿ ಕೊಡು."

"ಕೊಡೂದಿಲ್ಲ ಭಾವ."

"ಇನ್ನೊಂದು ಹಿಂತಾದ್ದು ಆದ್ರ?"

"ಆದ್ರ ಅವತ್ತೇ ಹೋಗಿ ಹೇಳ್ತೀನ್ರಿ. ಹನ್ನೊಂದು ದಿನ ಬಿಡೂದಿಲ್ಲ."

ಅವರು ಇನ್ನೂ ಏನೋ ಅನ್ನುವವರಿದ್ದರು. ಅಷ್ಟರಲ್ಲಿ ಇವರು ಕೋಲು ಹಿಡಿದು ಪರದೆ ಸರಿಸಿ ಬಂದರು. ಕೌಂಟರಿನ ಹಿಂದಿನ ಕುರ್ಚಿಯಲ್ಲಿ ಕೂತರು. ಏನೂ ಮಾಡಲಿಲ್ಲ, ಕೂತರು ಅಷ್ಟೇ. ಭಾವ ತಮ್ಮನ ಮುಖ ನೋಡಿ ಹೊರಟು ಹೋದರು.

ಮೂವತ್ತೆಂಟು ಹೆಜ್ಜೆ. ಆಮೇಲೆ ಎಣಿಸಿದೆ.

ಆ ಕುರ್ಚಿಯಲ್ಲೇ ಮಧ್ಯಾಹ್ನದ ತನಕ ಕೂತಿದ್ದರು. ಗಿರಾಕಿ ಬಂದಾಗ ನಾನು ಡಬ್ಬಿಗೆ ಕೈ ಹಾಕಿ ಇವರ ಕಡೆ ನೋಡುತ್ತೇನೆ. ಸರಿ ಇದ್ದರೆ ಕಣ್ಣು ಮುಚ್ಚಿ ತೆರೆಯುತ್ತಾರೆ. ಪರದೆ ತೆಗೆದು ಒಗೆಯಲು ಹಾಕಿದ್ದೇನೆ, ಬಹಳ ಕೊಳೆಯಾಗಿತ್ತು. ಮತ್ತೆ ಕಟ್ಟಬೇಕೆನಿಸಲಿಲ್ಲ.

ಏಪ್ರಿಲ್ ೨೭, ಭಾನುವಾರ

ಧರ್ಮೇಂದ್ರರ ಜೊತೆ ಕೊಹಿನೂರಕ್ಕೆ ಹೋಗಿ ಬಂದೆ. ಬರಬೇಡಿ ಎಂದರೆ ಸಾಮಾನು ಅಂಗಳದಲ್ಲಿಟ್ಟು ಬರುವುದೆಂದು ಹೊರಟಿದ್ದೆ. ಬೇಡ ಎನ್ನಲಿಲ್ಲ. ಬಿಳಿಯದೆಲ್ಲ ಕತ್ತರಿಸಿ ತೆಗೆದು ಕೆನೆಯದು ಹಾಕಿದೆವು, ಸೋಲಾರಿಗೆ ಸೇರುವ ಕಡೆ ಹಿತ್ತಾಳೆಯ ತಿರುಪಿನದು. ಅದಕ್ಕೆ ಬೇರೆಯದೇ ಸೊಲ್ಯೂಷನ್. ಅಳತೆ ನಾನೇ ಹಿಡಿದೆ, ಎರಡು ಎಲ್ಬೋ ನಾನೇ ಕೂರಿಸಿದೆ. ಮಡೆಪ್ಪ ಕಾಕಾ ಕೆಳಗೆ ಏಣಿ ಹಿಡಿದು ನಿಂತಿದ್ದರು.

ಚಂದಮ್ಮ ಮನೆಗೆ ಬಂದು ಮೂರು ದಿನವಾಗಿದೆ. ಒಳಗೇ ಇದ್ದರು, ಹೊರಗೆ ಬರಲಿಲ್ಲ. ಶೀತಲ ಒಂದು ತಂಬಿಗೆ ನೀರು ತಂದು ಕಟ್ಟೆಯ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಕುಡಿದೆ.

ಮೇ ೧೧, ಭಾನುವಾರ

ಎರಡು ವಾರ ಬರೆದಿಲ್ಲ. ಹಿಂದಿನ ಪುಟಗಳನ್ನು ಮಾತ್ರ ತುಂಬಿಸಿದ್ದೇನೆ.

ನಾಲ್ಕು ದಿನದಿಂದ ಇವರು ಎಡಗೈ ಎತ್ತಿ ರಸ್ತೆ ತೋರಿಸುತ್ತಿದ್ದರು. ದವಾಖಾನೆಗೆ? ಅಲ್ಲ. ಅಣ್ಣನ ಮನೆಗೆ? ಅಲ್ಲ. ಕೊಹಿನೂರಕ್ಕೆ ಎಂದಾಗ ಕೈ ಇಳಿಸಿದರು. ಇವತ್ತು ಆಟೋ ಮಾಡಿಕೊಂಡು ಕರೆದುಕೊಂಡು ಹೋದೆ.

ಕಾಕಾ ಕೊಟ್ಟಿಗೆಯಲ್ಲಿ ಹಾಲು ಹಿಂಡಲು ಹೆಣಗುತ್ತಿದ್ದರು. ಚಂದಮ್ಮ ಕಟ್ಟೆಯ ಮೇಲೆ ಕೂತು ಬಯ್ಯುತ್ತಿದ್ದರು, "ಹಂಗ ಜಗ್ಗಬ್ಯಾಡ, ಒದೀತದ ಅದು." ನಮ್ಮನ್ನು ಕಂಡು ಸುಮ್ಮನಾದರು. ಬಟ್ಟೆ ಬಿಚ್ಚಿದ್ದಾರೆ. ಕೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದೆ, ಬೆರಳು ಪೂರ್ತಿ ಮಡಚುವುದಿಲ್ಲ.

ಇವರು ಕೋಲು ಗೋಡೆಗೆ ಒರಗಿಸಿ ನಿಂತು ಕೈ ಮುಗಿಯಲು ನೋಡಿದರು. ಬಲಗೈ ಮೇಲೇಳಲಿಲ್ಲ. ಎಡಗೈಯೊಂದೇ ಎದೆಯ ಹತ್ತಿರ ನಿಂತಿತು. ಚಂದಮ್ಮ ಅದನ್ನೇ ನೋಡಿದರು.

"ಕೂಡ್ರಿ ಅಣ್ಣಾ" ಎಂದು ಸರಿದು ಜಾಗ ಮಾಡಿದರು. "ಈ ಕೈ ಮತ್ತ ಬರ್ತದಂತೇನು?"

"ಬರಬಹುದು ಅಂತಾರ ಡಾಕ್ಟರು" ಎಂದೆ.

"ನಂದೂ ಹಂಗ ಅಂತಾರ. ಎಮ್ಮಿಗಿ ಯಾರು ಹೇಳಬೇಕು? ನನ್ನ ಕೈಯೇ ರೂಢಿ ಅದಕ್ಕ, ಈ ಮುದುಕಗ ಅರ್ಧ ಚರಗಿನೂ ಹಾಲು ಬಿಡವಲ್ದು."

ಶೀತಲ ಚಹಾ ತಂದಳು. ಹಾಲು ಕಮ್ಮಿ, ಕಪ್ಪು ಚಹಾ. ನನಗೂ ಕೈಗೇ ಕೊಟ್ಟಳು. ಇವರ ಕೈಯ ಬಟ್ಟಲು ಅಲುಗಿ ಒಂದಿಷ್ಟು ಅಂಗಿಯ ಮೇಲೆ ಚೆಲ್ಲಿತು. ಒರೆಸಲು ಎದ್ದೆ. "ನೀ ಸುಮ್ನ ಕೂಡು, ಅವರು ಕುಡೀತಾರ" ಎಂದರು ಚಂದಮ್ಮ. ಕೂತೆ.

ಆಗ ಇವರು ಮಾತಾಡಲು ಹೊರಟರು. "ತ... ತ..." ಕುತ್ತಿಗೆಯ ನರ ಉಬ್ಬಿತು. ಕ್ಷಮೆ ಕೇಳುವ ಶಬ್ದ, ಯಾವುದು ಎಂದು ನನಗೆ ಗೊತ್ತಿತ್ತು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನಾನು ಹೇಳಿ ಮುಗಿಸಲಿಲ್ಲ. ಕಾಕಾ ಹಾಲಿನ ಚರಗಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಶೀತಲ ಕೂಸಿನ ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು. ಎಲ್ಲರೂ ಕಾದರು. ಇವರು ಇನ್ನೊಮ್ಮೆ "ತ" ಎಂದರು, ಮತ್ತೊಮ್ಮೆ ಎಂದರು. ಶಬ್ದ ಪೂರ್ತಿಯಾಗಲೇ ಇಲ್ಲ. ಸುಸ್ತಾಗಿ ತಲೆ ತಗ್ಗಿಸಿದರು.

ಇವರು ನಿಲ್ಲಿಸುವ ತನಕ ಚಂದಮ್ಮ ಕಾದು, ಆಮೇಲೆ ಹೇಳಿದರು.

"ತಿಳೀತ್ರಿ ಅಣ್ಣಾ. ಚಾ ಆರಾಕತ್ತದ, ಕುಡೀರಿ."